ಕರಿ ಎಳಿ

ಎದಿಯೊಳಗ ನನಗೊಂದು ಡಬ್ಬಿ ಐತಿ, ಎಡಗಡೆ,
ಸುಣ್ಣದ ಡಬ್ಬಿಗಿಂತ ಚೂರು ದೊಡ್ಡದು.
ಎಂಟು ವರ್ಷಕ್ಕೊಮ್ಮೆ ಬೆಳಗಾವಿಗೆ ಹೋಗಿ
ತೊಗಲು ಕೊಯ್ಸಿ, ಸೆಲ್ಲು ತೀರಿದ್ದನ್ನ ತಗಿಸಿ ಹೊಸಾದು ಇಡಿಸಬೇಕು.
ಎರಡು ಸಲ ಆತು. ಮೂರನೇದು ಸಂಕ್ರಾಂತಿ ಮುಗದಮ್ಯಾಲೆ.

ದವಾಖಾನಿಯಾಗ ಸಿಕ್ಕಾಕಿ ತಹಸೀನ,
ಕಾಲೇಜಿನ್ಯಾಗ ಸಂಶೋಧನೆ ಅಂತ.
ಬನಹಟ್ಟಿಯಾಕಿ ನಾನು ಅಂದಕೂಡ್ಲೆ
ನೂಲು ಹೊಸಿಯೋದು ಬರ್ತದೇನ್ರಿ ಅವ್ವಾ, ಅಂದ್ಲು.
ಬರ್ತದೇನು!
ಐವತ್ತು ವರ್ಷ ಕಂಡಿಕಿ ಸುತ್ತಿದ ಬೆರಳು,
ನಿದ್ದಿಗಣ್ಣಾಗ ಗಂಟು ಹಾಕ್ತಾವ.

ಐತಾರ ಬಸ್ ಹತ್ತಿ ಬಂದೇ ಬಿಟ್ಲು.
ಗಾಜಿನ ಪಟ್ಟಿಗಿ ಸುತ್ತಿದ ಒಂದೆಳಿ,
ಕಾಡಿಗಿಗಿಂತ ಕರಿ.
ಇದ್ದಲಿಯ ಜಾತಿನೇ ಇದು, ಅಂದ್ಲು, ಒಲಿಯೊಳಗಿಂದಲ್ಲ.
ಕೂದಲಾ ಸೀಳಿ ಮತ್ತ ಸಾವಿರ ಸೀಳಿದಷ್ಟು ಸಣ್ಣ ಕೊಳವಿ,
ಒಂದರ ಕೈ ಒಂದು ಹಿಡದು ಎಳಿ ಆಗ್ಯಾವ.
ಬಾಗ್ತದ, ಮುರಿಯಂಗಿಲ್ಲ. ಹುರಿ ಮಾತ್ರ ಸಡಲ್ತದ.

ಬಲಕ್ಕ ಹೊಸದದ್ದನ್ನ ಎಡಕ್ಕ ಕೂಡಸು, ಅಂದೆ.
ಬರಕೊಂಡ್ಲು.

ಗಾಜಿನ ಗ್ಲಾಸಿನ್ಯಾಗ ಉಪ್ಪು, ಗ್ಲೂಕೋಸ್ ಕದಡಿ
ಎರಡೆಳಿ ಇಳಿಬಿಟ್ಟು ಮೀಟರ್ ತೋರಿಸಿದ್ಲು.
ಅರ್ಧ ವೋಲ್ಟೂ ಇಲ್ಲ, ಆದ್ರೂ ಅಂಕಿ ಅಳ್ಳಾಡ್ತು.
ರಕ್ತದಾಗಿನ ಸಕ್ಕರಿ ತಿಂದು
ಉಸಿರಿನ ಗಾಳಿ ಕುಡದು
ಇದು ಕರೆಂಟ್ ಹುಟ್ಟಿಸ್ತದ್ರಿ, ನಿಮ್ಮೊಳಗ.

ನಗು ತಡೀಲಿಲ್ಲ ನನಗ.
ಹದಿನಾರು ವರ್ಷದ ಸಕ್ಕರಿ ಬ್ಯಾನಿ ನಂದು.
ಮಹಾಲಿಂಗಪುರದ ಬೆಲ್ಲ ಬಂದ್ರ
ಸೊಸಿ ನೆಲುವಿನಮ್ಯಾಲ ಇಡ್ತಾಳ, ಬೆಕ್ಕಿಗೆ ಹೆದರಿದಂಗ.
ಆ ಸಕ್ಕರಿನೇ ದೀಪಕ್ಕ ಎಣ್ಣಿ ಅಂದ್ರ
ಯಾರ ಮುಂದ ಹೇಳಲಿ?

ನನಗ ಯಾವಾಗ ಹಾಕ್ತಿ, ಅಂದೆ.
ತಲಿ ತಗ್ಗಿಸಿದ್ಲು.
ಸಕ್ಕರಿ ಒಡಿಯೋ ಕಿಣ್ವ ಇಪ್ಪತ್ತು ದಿನಕ್ಕ ಸಾಯ್ತದಂತ.
ಇಲಿಗೂ ಇನ್ನಾ ಹಾಕಿಲ್ಲಂತ.
ಹುಡುಗಿ ಸುಳ್ಳು ಹೇಳಲಿಲ್ಲ;
ಎರಡನೇ ಸಲ ಚಾ ಕಾಸಿದೆ.

ಅಷ್ಟರಾಗ ಲೈಟ್ ಹೋತು.
ಓಣಿ ತುಂಬ ಮಗ್ಗ ಒಮ್ಮಿಗೇ ಬಾಯಿ ಮುಚ್ಚಿದ್ವು,
ಲಾಳಿ ಎಲ್ಲಿತ್ತೋ ಅಲ್ಲೇ.
ಕತ್ತಲಾಗ ಇಬ್ಬರೂ ಸುಮ್ಮನ ಕುಂತಿದ್ವಿ,
ದುಡಿಯೋದು ನನ್ನ ಡಬ್ಬಿ ಒಂದ.

ಹೋಗುಮುಂದ ಗೇಣುದ್ದ ತುಂಡು ಎಳಿ ಬಿಟ್ಟುಹೋದ್ಲು.
ಕಸದಾಗ ಒಗಿಯಾಕ ಮನಸಾಗಲಿಲ್ಲ.
ಕರಿ ಸೆರಗಿನ ಕಂಡಿಕಿಗೆ ಗಂಟು ಹಾಕಿದೆ.
ಆ ಸೀರಿ ಸೊಲ್ಲಾಪುರ ಪ್ಯಾಟಿಗೆ ಹೋಗಿ ತಿಂಗಳಾತು.
ಯಾರು ಉಟ್ಟಾರೋ.
ತೊಳದ್ರೂ, ಹಿಂಡಿದ್ರೂ
ನನ್ನ ಗಂಟು ಬಿಚ್ಚಂಗಿಲ್ಲ, ಅಷ್ಟು ಗೊತ್ತು.