ಇನ್ನೆಲ್ಲೂ ಇಲ್ಲದ ಕೆಟ್ಟದ್ದು

ಬರ್ತಾಂಗ್ ಹೊಳೆಯ ದಡಕ್ಕೆ ನಾನು ಬಂದದ್ದು
ಎಲೆ ಕೀಳುವುದಕ್ಕೆ.
ಮರಕ್ಕೆ ಮೂರು ಎಳೆಯ ಎಲೆ,
ಕಾಗದದ ಲಕೋಟೆ, ಮೇಲೊಂದು ಸಂಖ್ಯೆ.
ಹಣ್ಣು ಹಿಂಡಿ ಗಾಜಿನ ಮೇಲೊಂದು ತೊಟ್ಟು,
ಬೆಳಕಿಗೆ ಹಿಡಿದರೆ ಸಕ್ಕರೆಯ ಲೆಕ್ಕ.

ಕಿಮತ್‌ಶೋ ಮನೆಯ ಜರದಾಳು: ಇಪ್ಪತ್ತಮೂರು.
ಅದಕ್ಕವನು 'ಅರಸಿಗೆನ್ನೆ' ಅನ್ನುತ್ತಾನೆ,
ಹೆಸರು ಹೇಳುವಾಗ ಟೋಪಿ ಸರಿಮಾಡಿಕೊಳ್ಳುತ್ತಾನೆ.
ಕಾಲುವೆಯಾಚೆ ಅಲಿಫ್‌ಬೆಕ್: ಹತ್ತೊಂಬತ್ತು.
ಅವನ ಮರ 'ಜೇನುಗೂಡು'.
"ಅವರದು ಬರೀ ಸಿಹಿ, ಗುಣವಿಲ್ಲ."
"ಸಿಹಿಯಿಲ್ಲದವರು ಗುಣದ ಮಾತಾಡುತ್ತಾರೆ," ಎಂದ ಕಿಮತ್‌ಶೋ,
ಕೇಳಿಸದ ಹಾಗೆ, ಕೇಳಿಸುವಷ್ಟು.

ಅಜ್ಜಂದಿರ ಕಾಲದ ಮಾತು.
ಒಂದು ರಾತ್ರಿ ಯಾರೋ ಯಾರದೋ ಕುಡಿ ಕುಯ್ದರಂತೆ.
ಕದ್ದವರು ಯಾರು ಎಂಬುದಕ್ಕೆ ಎರಡು ಕತೆ,
ಎರಡಕ್ಕೂ ಸಾಕ್ಷಿಗಳು, ಎಲ್ಲರೂ ಮಣ್ಣಾಗಿದ್ದಾರೆ.
ಅಂದಿನಿಂದ ಮದುವೆಗೆ ಕರೆಯುತ್ತಾರೆ, ಉಂಡು ಬರುತ್ತಾರೆ;
ಹಣ್ಣು ಮಾತ್ರ ಮುಟ್ಟುವುದಿಲ್ಲ.

ಚಳಿಗಾಲ, ದುಶಾನ್ಬೆಯಲ್ಲಿ, ಹೀಟರಿನ ಪಕ್ಕ ಕೂತು
ಗೆರೆಗಳನ್ನು ಓದಿದೆ.
ನೂರಾ ನಲವತ್ತು ಮರ; ಒಂದರ ಹಾಗೆ ಒಂದಿಲ್ಲ.
ಓಟೆ ಬಿದ್ದಲ್ಲೆಲ್ಲ ಹೊಸ ಜಾತಕ:
ಒಂದೇ ತಾಯಿಗೆ ಒಂದು ಕಹಿ, ಒಂದು ಬಾದಾಮಿ,
ಒಂದು ಜೂನಿಗೇ ಕೆಂಪು,
ಇನ್ನೊಂದಕ್ಕೆ ಆಗಸ್ಟ್ ಮುಗಿಯಬೇಕು.
ಆ ಗದ್ದಲದ ನಡುವೆ ಎರಡು ಸಾಲು
ಗೆರೆಗೆ ಗೆರೆ ಒಂದೇ.
ಮೂವತ್ತೊಂದು. ಮೂವತ್ತೆರಡು.
ಮತ್ತೆ ಮಾಡಿದೆ.
ಲಕೋಟೆಗಳು ಅದಲುಬದಲಾಗಿರಲಿ ಎಂದು
ವಿಜ್ಞಾನ ಓದಿದವಳು ಬೇಡಿಕೊಂಡೆ.

ಹೇಳಲು ಬಂದಾಗ ಮತ್ತೆ ಹಣ್ಣಿನ ಕಾಲ.
ಉಪ್ಪು ಬೆಣ್ಣೆ ಹಾಕಿದ ಹಾಲುಚಹಾ,
ಕಂಬಳಿಯ ಮೇಲೆ ಇಬ್ಬರೂ.
"ಅಣ್ಣತಮ್ಮ ಅಲ್ಲ," ಎಂದೆ, "ಅವಳಿ ಎಂದರೂ ಸಾಲದು.
ಒಂದೇ ಮರ, ಎರಡು ಕಡೆ ನಿಂತಿದೆ."
"ಹಾಗಾದರೆ ಕದ್ದವರು?" ಇಬ್ಬರದೂ ಒಂದೇ ದನಿ.
ಗೆರೆಗಳಿಗೆ ಅದು ಗೊತ್ತಿಲ್ಲ.
ಕಸಿಗೆ ಹಿರಿದು ಕಿರಿದಿಲ್ಲ,
ಕುಯ್ದ ಚಾಕು ರಸದಲ್ಲಿ ಉಳಿಯುವುದಿಲ್ಲ.

"ಮತ್ತೆ ನಾಲ್ಕು ಹೆಚ್ಚು ಬಂದದ್ದು ಹೇಗೆ?" ಕಿಮತ್‌ಶೋ ಬಿಡಲಿಲ್ಲ.
ನಿನ್ನದು ಕಲ್ಲಿನ ಮೇಲಿದೆ, ಬಾಯಾರಿದೆ;
ಅವನದು ಕಾಲುವೆಗೆ ಕಾಲು ಚಾಚಿದೆ.
"ಅಂದರೆ ನನ್ನದು ದಾಹದ ಸಿಹಿ," ಎಂದ ಗೆದ್ದವನ ಹಾಗೆ.
ಅಲಿಫ್‌ಬೆಕ್ ಮೊದಲ ಸಲ
ಆ ತಟ್ಟೆಯಿಂದ ಒಂದು ಹಣ್ಣೆತ್ತಿ
ಬಾಯಿಗಿಡದೆ, ಜೇಬಿಗೆ ಹಾಕಿಕೊಂಡ.

ದಾಖಲೆಯ ನಿಯಮ: ಒಂದೇ ಆದರೆ ಒಂದು ಹೆಸರು ಹೊಡೆ.
ಪೆನ್ನು ತೆಗೆದವಳು ಯಾವುದನ್ನೂ ಹೊಡೆಯಲಿಲ್ಲ;
ಎರಡರ ನಡುವೆ ಒಂದು ಗೆರೆ ಎಳೆದೆ,
ಕಾಲುವೆ.

ಅಷ್ಟು ಹೊತ್ತೂ ಓಟೆ ಒಡೆಯುತ್ತಿದ್ದ ಸವ್ಸನ್ ಅಜ್ಜಿ
ಎದ್ದು ನನ್ನ ತೋಳು ಹಿಡಿದು
ಕಲ್ಲುಜಾರಿನ ಮೇಲಕ್ಕೆ ಹತ್ತಿಸಿದಳು.
ಅಲ್ಲೊಂದು ಡೊಂಕು ಮರ, ಯಾರೂ ನೆಡದ್ದು.
"ಇದರ ಎಲೆ ಕಿತ್ತೆಯಾ?"
ಇಲ್ಲ. ನನ್ನ ಪಟ್ಟಿ ಹೆಸರುಗಳಿಂದ ಶುರುವಾಗಿತ್ತು.
ಹಣ್ಣು ಗೋಲಿಯಷ್ಟು, ನಾರು, ಹುಳಿ;
ಒಳಗಿನ ಬೀಜ ಕಹಿ, ಕಿವಿಯವರೆಗೂ ಕಹಿ.
ಉಗುಳಿದೆ. "ಕೆಟ್ಟದ್ದು, ಅಜ್ಜಿ."
"ಕೆಟ್ಟದ್ದೇ," ಎಂದಳು. "ಆದರೆ
ಇನ್ನೆಲ್ಲೂ ಇಲ್ಲದ ಕೆಟ್ಟದ್ದು."

ಮೂರು ಎಲೆ. ಲಕೋಟೆ. ನೂರಾ ನಲವತ್ತೊಂದು.
ಹೆಸರಿನ ಜಾಗದಲ್ಲಿ
ನನ್ನ ಹೆಬ್ಬೆರಳ ರಸ ಅಂಟಿಕೊಂಡಿದೆ,
ಇನ್ನೂ ಒಣಗಿಲ್ಲ.