ಐದನೇ ರೊಟ್ಟಿ

ಹನ್ನೊಂದಕ್ಕ ಖಣಿಯಾಗ ಮದ್ದು ಹಾರಿಸ್ತಾರ.
ಹಲಗಿ ಅಂಚಿನ ಖಡು ಜಿಗಿದು
ಶಹಾಬಾದ ಪರಸಿ ನೆಲಕ್ಕ ಬಿದ್ದು ಎರಡಾಗ್ತದ.
ಅಲ್ಲಿಂದ ನಾಕನೇತ್ತದ ಕನ್ನಡ ಸುರು.

ಇವತ್ತಿನ ಪಾಠ ಮೂರೇ ಸಾಲು:
‘ಸಿದ್ದವ್ವ ನಾಲ್ಕು ರೊಟ್ಟಿ ಬಡಿದಳು.
ನಾಲ್ಕು ಮಕ್ಕಳು ಉಂಡರು.
ಸಿದ್ದವ್ವ ಒಂದು ತಂಬಿಗೆ ನೀರು ಕುಡಿದು ಮಲಗಿದಳು.’
ಕೆಳಗ ಒಂದು ಪ್ರಶ್ನೆ:
ಸಿದ್ದವ್ವ ಏಕೆ ನೀರು ಕುಡಿದಳು?

ರೇವಣಸಿದ್ಧ ಓದ್ತಾನ,
ವಾಡಿ ಜಂಕ್ಷನ್‌ದಾಗ ನಿಂದ್ರಲಾರದ ಗಾಡಿ ಓಡಿದಂಗ.
ಪೂರ್ಣವಿರಾಮ ಅಂದ್ರ ಅವಗ ಸಣ್ಣ ಸ್ಟೇಷನ್ನು,
ಬಂತು, ಹೋಯ್ತು.
‘ಏನ್ ತಿಳೀತಪ್ಪಾ?’ ಅಂದ್ರ
ಮತ್ತ ಮೊದಲಿಂದ ಓದ್ತಾನ, ಇನ್ನಷ್ಟು ಜೋರಿಲೆ.

ತಸ್ಕೀನ್ ಕೈ ಎತ್ತಿದಳು:
‘ಟೀಚರ್, ತಂಬಿಗಿ ಅಂದ್ರ ಲೋಟಾ ಏನ್ರಿ?’
ಹೌದವ್ವ, ಲೋಟಾ.
ಅಕಿ ಆ ಪದದ ನೆತ್ತಿ ಮ್ಯಾಲ ಪೆನ್ಸಿಲಿಲೆ
ಲೋಟಾದ ಚಿತ್ರ ತೆಗೀಲಿಕ್ಕೆ ಕುಂತಳು.

ಅಂಬವ್ವ ಬೆರಳಿಟ್ಟು ಓದ್ತಾಳ,
ತೊಗರಿ ಹಸನ ಮಾಡಿದಂಗ ಒಂದೊಂದೇ ಅಕ್ಷರ.
‘ಮಲಗಿದಳು’ ಮುಟ್ಟೋದ್ರೊಳಗ
ಮಲಗಿದಾಕಿ ಯಾರಂತ ಮರತಿರ್ತದ.

‘ಬಾಯಾರಿತ್ತು, ಅದಕ್ಕ!’
ರೇವಣಸಿದ್ಧ ಉತ್ತರ ಒಗದ.
ಮಾರ್ಗದರ್ಶಿ ಪುಸ್ತಕದಾಗೂ ಹಂಗೇ ಅದ.
ಏಳು ವರ್ಷ ಆ ಉತ್ತರಕ್ಕ
ಕೆಂಪು ಮಸಿಲೆ ಸರಿ ಹಾಕೀನಿ,
ಇದೇ ಕೈಲೆ.

ಗ್ವಾಡಿಗೆ ಆನಿಕೊಂಡು ಕುಂತಿದ್ದ ಖೀರು,
ತಾಂಡಾದ ಹುಡುಗ,
ನನ್ನ ತಖ್ತೆಯ ‘ಅಕ್ಷರ ಮಟ್ಟ’ದಾಗ
ಮೂರು ತಿಂಗಳಿಂದ ಅಲುಗದ ಹೆಸರು,
‘ಬಾಟಿ’ ಅಂದ, ಮೆಲ್ಲಕ.
ಆಮ್ಯಾಲ ನಮ್ಮ ಮಾತಿಗೆ ಬಂದು:
‘ರೊಟ್ಟಿ ನಾಕೇ ಇದ್ದೂರಿ ಟೀಚರ್.
ಉಣ್ಣೋರು ಐದು ಮಂದಿ.’

‘ಎಲ್ಲಿ ಬರದಾರೋ ಹಂಗ?’
ರೇವಣಸಿದ್ಧ ಜಗಳಕ್ಕ ನಿಂತ.
‘ಮಕ್ಕಳು ಉಂಡದ್ದು ಎಲ್ಲದ?’ ಖೀರು ಕೇಳಿದ.
ಅಂಬವ್ವ ತನ್ನ ಬೆರಳು ಸರಿಸಿ ತೋರಿಸಿದಳು.
ಆ ಸಾಲು ಮುಗಿದು ಉಳಿದ ಬಿಳಿ ಜಾಗದ ಮ್ಯಾಲ
ಅಂವ ತನ್ನ ಬೆರಳಿಟ್ಟ:
‘ಇಲ್ಲಿ.’

ತಸ್ಕೀನ್ ಲೋಟಾಕ್ಕ ನೀರು ಬರೀತಿದ್ದಾಕಿ ನಿಲ್ಲಿಸಿದಳು.
ರೇವಣಸಿದ್ಧ ಮತ್ತೊಮ್ಮೆ ಓದಿದ, ಬಾಯೊಳಗೇ.
‘ಉಂಡರು’ ಅನ್ನೋದರ ಮುಂದ
ಗಾಡಿ ನಿಂತಿತು.

ಶನಿವಾರ ತಖ್ತೆ ಕಳಿಸಬೇಕು.
ಖೀರುನ್ನ ಯಾವ ಖಾನೆದಾಗ ಹಾಕಲಿ?
‘ರೊಟ್ಟಿ’ ಅಂತ ಬರದದ್ದು
ಅವಗ ಇನ್ನೂ ಓದಲಿಕ್ಕೆ ಬರಲ್ಲ.
ಅದೂ ಖರೇನೇ.

ಬಿದ್ದ ಖಡುವಿನ ಅರ್ಧ ತುಂಡು ಆರಿಸಿ
ನೆಲದ ಪರಸಿ ಮ್ಯಾಲೇ ಬರದೆ:
ರೊ.
ಆಮ್ಯಾಲ ಟಿ, ಅದರ ಕೆಳಗ ಇನ್ನೊಂದು ಟ.
‘ಇದ್ಯಾಕ್ರಿ, ಕೆಳಗೊಂದು?’
‘ಒತ್ತು ಅದು. ಗಟ್ಟಿ ಅನ್ನಬೇಕು,
ಬಡಿದಂಗ.’
ಅಂವ ಅಂಗೈಲೆ ಕಲ್ಲಿಗೆ ಬಡದ:
ರೊಟ್ — ಟಿ.

ಅಷ್ಟರಾಗ ಬಿಸಿಯೂಟದ ಗಂಟಿ.
ತಾಟು ಹಿಡಕೊಂಡು ಎಲ್ಲರೂ ಓಡಿದರು,
ಎಲ್ಲರಿಗಿಂತ ಮುಂದ ಅಂವ,
ಅಂಗೈ ತುಂಬ ಖಡುವಿನ ಬಿಳಿ ಹಿಟ್ಟು.