ಹತ್ತೂಕಾಲರ ಮನೆ

ಐದೈದು ನಿಮಿಷಕ್ಕೊಮ್ಮೆ ತಲೆಯೆತ್ತಿ ನೋಡಬೇಕು,
ಒಂದಕ್ಷರ ಹಾಕಬೇಕು.
ತೊಡಗಿದ್ದರೆ ತೊ, ಸುಮ್ಮನಿದ್ದರೆ ಸು,
ನಿದ್ದೆಗೆ ನಿ.
ಮಾತಾಡಬಾರದು.
ಗೋಡೆಯ ಹಾಗೆ ಇರು, ಅಂದಿದ್ದರು ಗೈಡು.

ಕುಂಬಳೆ, ರೈಲುಹಳಿಯ ಪಡುಬದಿ,
ಹಳೇ ಐಸ್ ಫ್ಯಾಕ್ಟರಿಯ ಕಟ್ಟಡ. ಈಗ ಹತ್ತೊಂಬತ್ತು ಮಂಚ.
ಮಳೆ ಬಂದರೆ ಗೋಡೆ ಇನ್ನೂ ಬಂಗುಡೆ ನಾರುತ್ತದೆ.
ಮಂಗಳೂರು ಗಾಡಿ ಹಾದುಹೋದರೆ ಸ್ಟೀಲು ಲೋಟಗಳು
ತಮ್ಮತಮ್ಮಲ್ಲೇ ಏನೋ ಹೇಳಿಕೊಳ್ಳುತ್ತವೆ;
ಅದಕ್ಕೆ ನನ್ನಲ್ಲಿ ಅಕ್ಷರವಿಲ್ಲ.

ಜಗಲಿಯ ಏಳನೇ ಕುರ್ಚಿ ಬೀಪಾತುಮ್ಮ, ಮಾತು ಮಲಯಾಳ.
ಎಂಟನೆಯದು ಐತಪ್ಪ, ಬೀಡಿ ಸೊಸೈಟಿಯಲ್ಲಿ ಲೆಕ್ಕ ಬರೆದವರು;
ಪಾರ್ಶ್ವವಾಯು ಇದ್ದಬದ್ದ ಮಾತನ್ನೆಲ್ಲ ಗುಡಿಸಿಕೊಂಡು ಹೋಗುವಾಗ
ತುಳುವಿನ ಇಪ್ಪತ್ತೈದು ಅಂಕಿಗಳನ್ನು
ಮರೆತು ಬಿಟ್ಟು ಹೋಗಿದೆ.

ಬುಧವಾರ ಬಲೂನು. ಕಾಲೇಜಿನ ಮಕ್ಕಳು ಎಸೆಯುತ್ತಾರೆ,
ಎಲ್ಲರೂ ಕೈಯೆತ್ತುತ್ತಾರೆ, ಸಾಲಿಗೆ ಸಾಲೇ ತೊ.
ಉಳಿದ ದಿನ ಇವರಿಬ್ಬರಿಗೆ ಸು, ಸು, ಸು.
ಬೆರಳು ಅದುರುತ್ತವೆ, ವಯಸ್ಸು, ಎಂದು ಬದಿಯಲ್ಲಿ ಬರೆದೆ.
ಸಾಮಾಜಿಕ ಸಂಪರ್ಕ: ಸೊನ್ನೆ.

ಅದುರುವುದಲ್ಲವೆಂದು ಗೊತ್ತಾದದ್ದು ಮೂರನೇ ವಾರ.
ಮಡಿಲಲ್ಲಿ ಇಲ್ಲದ ಗೆರಸೆ, ಇಲ್ಲದ ಎಲೆ,
ಒಂದು ಚಿಟಿಕೆ ಹೊಗೆಸೊಪ್ಪು, ಹೆಬ್ಬೆರಳ ಉರುಟು,
ಉಗುರಿನಿಂದ ತುದಿ ಮಡಚಿ
ಪಕ್ಕದ ಕುರ್ಚಿಯ ಕೈಗೆ.
ಒಂಜಿ, ಅನ್ನುತ್ತಾರೆ ಐತಪ್ಪ.
ರಡ್ಡ್. ಮೂಜಿ.
ಇರ್ವತ್ತೈನ್ ಆದರೆ ಒಂದು ಕಟ್ಟು.
ಗಂಜಿಯ ಗಂಟೆಗೆ ಮೊದಲು ಇಪ್ಪತ್ತು ಕಟ್ಟು ಆಗಲೇಬೇಕು,
ಯಾರು ಹೇಳಿದ್ದೋ.

ಹಿಂದಿನ ಪುಟಗಳನ್ನು ತಿರುವಿದೆ.
ಎಲ್ಲ ಪೆನ್ನಲ್ಲಿ ಬರೆದಿದ್ದೆ.

ಗುರುವಾರ ನನ್ನ ಕುರ್ಚಿ ತುಸು ಹತ್ತಿರ ಬಿದ್ದಿತ್ತೇನೋ.
"ಇನ್ನಾ ಮೋಳೇ" ಅಂದರು ಬೀಪಾತುಮ್ಮ,
ಎರಡು ಬೆರಳ ನಡುವೆ ಎಲೆ ಹಿಡಿದು.
ಎಲೆ ಇರಲಿಲ್ಲ.
ಗೋಡೆ ಕೈ ಚಾಚಿತು.

ಹತ್ತೂಕಾಲರ ಮನೆ ಖಾಲಿ ಉಳಿಯಿತು,
ಹತ್ತೂಇಪ್ಪತ್ತರದ್ದೂ, ಅದರಾಚೆಯದೂ.
ಗೈಡು ಕೇಳುತ್ತಾರೆ. ಕೇಳಲಿ.

ಇರ್ವತ್ತನಾಲ್, ಎಂದು ಐತಪ್ಪ ನಿಂತರು.
ನನ್ನದೊಂದನ್ನು ಬೆಳಕಿಗೆ ಹಿಡಿದರು,
ಮೆಲ್ಲ ಹಿಸುಕಿದರು, ತಲೆಯಲ್ಲಾಡಿಸಿ
ನನ್ನ ಮಡಿಲಿಗೇ ಹಾಕಿದರು.

ಸಡಿಲ.
ಬಿಚ್ಚಿ, ಮತ್ತೆ ಸುತ್ತುತ್ತಿದ್ದೇನೆ.